ಎಷ್ಟು ಮೊರದ ಸಿನಿಮಾ?

ಜಂಬ ಕೊಚ್ಚಿಕೊಳ್ಳುವುದಕ್ಕೂ ಒಂದು ವಯಸ್ಸು ಬೇಕು. ಚಿಕ್ಕವರು ಕೊಚ್ಚಿಕೊಂಡರೆ ಪಕ್ಕದಲ್ಲಿ ಕೂತ ಯಾರಾದರೂ ‘ಅದು ಹಾಗಲ್ಲ, ಹೀಗೆ’ ಎಂದು ತಿದ್ದುತ್ತಾರೆ. ನನ್ನನ್ನು ತಿದ್ದಬಲ್ಲವರೆಲ್ಲ ಒಬ್ಬೊಬ್ಬರಾಗಿ ಮೇಲೆ ಹೋಗಿಬಿಟ್ಟಿದ್ದಾರೆ, ಉಳಿದ ಒಬ್ಬಳಿಗೆ ಕಿವಿ ಕೇಳುವುದಿಲ್ಲ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ, ಸಿನಿಮಾ ಆರಿಸುವುದರಲ್ಲಿ ನನ್ನ ಸಮ ಈ ನಾಸಿಕದಲ್ಲಿ ಯಾರೂ ಇಲ್ಲ. ಓದಿದ್ದು ನಾಲ್ಕನೇ ಇಯತ್ತೆ, ಅದೂ ಪೂರ್ತಿಯಲ್ಲ. ಕನ್ನಡ ಅಕ್ಷರ ಕೂಡಿಸಿ ಬರೆಯುತ್ತೇನೆ, ಮರಾಠಿ ಬೋರ್ಡು ಓದುತ್ತೇನೆ, ಇಂಗ್ಲಿಷಿನಲ್ಲಿ ಸಹಿ ಮಾತ್ರ. ಆದರೂ ನನ್ನ ಮೊಮ್ಮಗಳು ಸಂಜನಾಳ ಕಾಲೇಜಿನ ಪ್ರಬಂಧಕ್ಕೆ ಯಾವ ಸಿನಿಮಾ ಆದೀತು, ಯಾವುದು ಆಗದು ಎಂದು ತೂಗಿ ಹೇಳಿದವಳು ನಾನು. ಈ ಮಾತನ್ನು ನಮ್ಮ ಮನೆಯಲ್ಲಿ ಎಲ್ಲರೂ ಪೂರ್ತಿ ಒಪ್ಪುವುದಿಲ್ಲ. ಅವರು ಬರೆಯುವಾಗ ಅವರಿಗೆ ಬೇಕಾದಂತೆ ಬರೆದುಕೊಳ್ಳಲಿ. ಈಗ ಬರೆಯುತ್ತಿರುವವಳು ನಾನು.

ನಾವು ಬೀದರ ಕಡೆಯವರು. ನನ್ನ ಯಜಮಾನರು ಕೇಂದ್ರ ಸರ್ಕಾರದ ಕಾರಕೂನಿಕೆ ಹಿಡಿದು ದೇವಳಾಲಿ ಕ್ಯಾಂಪಿಗೆ ಬಂದರು, ನಾನು ಅವರ ಟ್ರಂಕು ಹಿಡಿದು ಹಿಂದೆ ಬಂದೆ. ಮಗ ಬಸವರಾಜ ಇಲ್ಲೇ ಹುಟ್ಟಿ, ಇಲ್ಲೇ ಬ್ಯಾಂಕು ಸೇರಿದ. ಅವನ ಮಗಳೇ ಸಂಜನಾ. ಕನ್ನಡ ಆಕೆಗೆ ತಿಳಿಯುತ್ತದೆ, ಆದರೆ ಬಾಯಿ ತೆರೆದರೆ ಅರ್ಧ ಮರಾಠಿ ಬೀಳುತ್ತದೆ. ಈ ಹುಡುಗಿ ಹನ್ನೆರಡನೇ ಇಯತ್ತೆ ಮುಗಿಸಿ, ತಾನು ಸಂಭಾಜಿನಗರಕ್ಕೆ ಹೋಗಿ ಸಿನಿಮಾದ ಓದು ಓದುತ್ತೇನೆ ಎಂದಾಗ ಮನೆಯಲ್ಲಿ ರಾಮಾಯಣವೇ ಆಯಿತು. ‘ಸಿನಿಮಾ ನೋಡೂದಕ್ಕೂ ಡಿಗ್ರಿ ಏನಬೇ ಅವ್ವ? ನಾಳಿ ಉಣ್ಣೂದಕ್ಕೂ ಒಂದು ಕೊಡ್ತಾರೇನು? ಸುಮ್ಮ ಬಿ.ಕಾಂ. ಮಾಡಲಿ’ ಎಂದ ಬಸವರಾಜ. ನನಗೆ ರೇಗಿತು. ‘ಬಿ.ಕಾಂ. ಮಾಡಿ ನೀ ಏನು ಕಡಿದು ಕಟ್ಟಿ ಹಾಕೀದಿ? ಆಕಿಗಿ ಮನಸ್ಸದ, ಕಳಸು. ಫೇಲಾದ್ರ ನನ್ನ ಕೇಳು’ ಎಂದೆ. ಸೊಸೆ ಮಹಾದೇವಿ ಏನೂ ಹೇಳಲಿಲ್ಲ. ಆಕೆ ಹೇಳುವವಳೇ ಅಲ್ಲ. ರೊಟ್ಟಿ ತಟ್ಟುವ ಸದ್ದು ಸ್ವಲ್ಪ ಜೋರಾಯಿತು, ಅಷ್ಟೇ. ಹುಡುಗಿ ಹೋದಳು. ‘ಫೇಲಾದ್ರ ನನ್ನ ಕೇಳು’ ಎಂಬ ಮಾತು ಮಾತ್ರ ಮನೆಯಲ್ಲೇ ಉಳಿಯಿತು, ಗೋಡೆಗೆ ಹೊಡೆದ ಮೊಳೆಯ ಹಾಗೆ. ಹಾದುಹೋಗುವಾಗಲೆಲ್ಲ ನನ್ನ ಸೆರಗು ಅದಕ್ಕೆ ಸಿಕ್ಕುತ್ತಿತ್ತು.

ಒಂದು ಶನಿವಾರ ವೈಜಾಪುರದ ಮೇಲೆ ಬರುವ ಬಸ್ಸಿನಲ್ಲಿ ಸಂಜನಾ ಬಂದಳು. ಒಂದು ವಾರ ಕಾಲೇಜಿಗೆ ರಜೆಯಂತೆ. ರಜೆಗೆ ಬಂದವರ ಮುಖ ಅದಾಗಿರಲಿಲ್ಲ. ಚೀಲ ಕೆಳಗಿಟ್ಟವಳೇ ನನ್ನ ಪಕ್ಕ ಕೂತು ಅಳುತ್ತ ಹೇಳಿದಳು: ‘ಅಜ್ಜಿ, ಸರ್ ಮತ್ತ ವಾಪಸ್ ಕೊಟ್ಟರು. ಹಾ ದೂಸ್ರಾ ಟೈಮ್ ಅದ. ಏನಂದ್ರು ಗೊತ್ತಾ? ನೀ ಬರದದ್ದು ಫಕ್ತ ಸ್ಟೋರಿ ಅದ, ವಿಶ್ಲೇಷಣ ಕುಠೇ ಆಹೆ, ಎಲ್ಲದ ಅಂತ. ಇನ್ನೊಂದು ಚಾನ್ಸ್ ಅದ. ಅದೂ ವಾಪಸ್ ಬಂದ್ರ ಪೇಪರ್ ಗೆಲಾ.’ ಒಳಗಿನಿಂದ ಬಸವರಾಜ ಕೇಳಿಸಿಕೊಂಡು ಬಂದ. ಮಗಳನ್ನು ಬೈಯಲಿಲ್ಲ. ‘ಪೇಪರ್ ಹೋದ್ರ ನಾಸಿಕಕ್ಕ ಬಂದುಬಿಡು, ಸಂಜು. ಇಲ್ಲೇ ಬಿ.ಕಾಂ. ಸೇರಿದರಾಯ್ತು’ ಎಂದು ಬಹಳ ಮೆತ್ತಗೆ ಹೇಳಿ, ನನ್ನ ಕಡೆ ನೋಡಿದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮೆತ್ತಗೆ ಮಾತಾಡುವ ಗಂಡಸರಿಗೆ ಏನು ಮಾಡುವುದು?

‘ಯಾವ ಸಿನಿಮಾದ ಮ್ಯಾಲ ಬರದಿದ್ದೆವ್ವ?’ ಎಂದು ಕೇಳಿದೆ. ಯಾವುದೋ ದೊಡ್ಡ ಹೀರೋನ ಹೆಸರು ಹೇಳಿದಳು. ಏನಾಗುತ್ತದೆ ಅದರಲ್ಲಿ ಎಂದೆ. ಅಪ್ಪನನ್ನು ಕೊಲ್ಲುತ್ತಾರೆ, ಮಗ ದೊಡ್ಡವನಾಗುತ್ತಾನೆ, ಕೊಂದವರನ್ನೆಲ್ಲ ಕೊಲ್ಲುತ್ತಾನೆ. ನನ್ನ ತೊಡೆಯ ಮೇಲಿನ ಮೊರದಲ್ಲಿ ಜೋಳ ಇತ್ತು. ನಾನಿನ್ನೂ ಅದರಲ್ಲಿ ಬೆರಳಾಡಿಸಿರಲಿಲ್ಲ, ಕಥೆ ಮುಗಿದಿತ್ತು. ‘ಇದು ಕಾಲು ಮೊರದ ಸಿನಿಮಾ. ನಿಮ್ಮ ಸರ್ ವಾಪಸ್ ಕೊಟ್ಟದ್ದೇ ಬರೋಬರ್ ಅದ’ ಎಂದೆ. ಹುಡುಗಿ ಅಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

ಮೊರದ ಲೆಕ್ಕ ಏನೆಂದು ನಿಮಗೂ ಹೇಳಬೇಕು. ದೇವಳಾಲಿ ಕ್ಯಾಂಪಿನಲ್ಲಿ ನಮ್ಮದು ಸಾಲು ಮನೆಗಳು. ನಮ್ಮ ಸಾಲಿನಲ್ಲಿ ಕಲಬುರಗಿಯವಳು, ಧಾರವಾಡದವಳು, ಸಾತಾರೆಯವಳು, ಹೀಗೆ ನಾನಾ ಊರಿನ ಹೆಂಗಸರು. ಎಲ್ಲರಿಗೂ ಸಿನಿಮಾದ ಹುಚ್ಚು, ಎಲ್ಲರಿಗೂ ಕಂಕುಳಲ್ಲಿ ಒಂದು, ಕಾಲಿಗೆ ಸಿಕ್ಕಿಕೊಂಡದ್ದು ಒಂದು. ಎಲ್ಲರೂ ಒಟ್ಟಿಗೆ ಹೋಗುವ ಮಾತೇ ಇಲ್ಲ. ಅದಕ್ಕೆ ನಾವು ಪಾಳಿ ಮಾಡಿಕೊಂಡಿದ್ದೆವು. ಭಾನುವಾರದ ಮಧ್ಯಾಹ್ನದ ಆಟಕ್ಕೆ ಒಬ್ಬಳು ಹೋಗುವುದು. ಅವಳ ಮಕ್ಕಳನ್ನೂ ಒಲೆಯನ್ನೂ ಮಿಕ್ಕವರು ನೋಡಿಕೊಳ್ಳುವುದು. ಅದಕ್ಕೆ ಬದಲಾಗಿ ಅವಳು ಮರುದಿನ ಬೇವಿನ ಮರದ ಕೆಳಗೆ ಕೂತು ಸಿನಿಮಾ ಹೇಳಬೇಕು. ನಾವೆಲ್ಲ ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳುವುದು. ಆ ಕಡೆ ಮೈದಾನದಲ್ಲಿ ಸೈನಿಕರು ತೋಪು ಹಾರಿಸುವುದನ್ನು ಕಲಿಯುತ್ತಿದ್ದರು. ದಢ್ ಎಂದಾಗ ಕಥೆ ನಿಲ್ಲುತ್ತಿತ್ತು, ಮಕ್ಕಳು ಅಳುತ್ತಿದ್ದವು, ಮತ್ತೆ ಕಥೆ ಮುಂದುವರಿಯುತ್ತಿತ್ತು.

ಮೊದಲ ಪಾಳಿಯಲ್ಲಿ ನಾನು ಹೋಗಿದ್ದು ಪೋಸ್ಟರಿನ ತುಂಬ ಬೆಂಕಿ, ಕುದುರೆ, ಬಂದೂಕು ಇದ್ದ ಸಿನಿಮಾಕ್ಕೆ. ನೋಡುವಾಗ ಎದೆ ಡವಡವ. ಮರುದಿನ ಹೇಳಲು ಕೂತರೆ ಒಂದು ಮೊರ ಜೋಳ ಹಸನಾಗುವುದರೊಳಗೆ ಮುಗಿದೇಹೋಯಿತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದಾರೆ, ಬಾಯಲ್ಲಿ ಏನೂ ಇಲ್ಲ. ಕಲಬುರಗಿಯ ಶಾಂತಾಬಾಯಿ ಮೊರ ಕೆಳಗಿಟ್ಟಳು. ‘ಇಷ್ಟರ ಸಲುವಾಗಿ ನಿನ್ನ ಮಗನ ಹೇಲು ಬಳದೀವೇನವ್ವ ನಾವು?’ ಎಂದಳು. ಆ ಮಾತು ನನಗೆ ಗುರುಮಂತ್ರವಾಯಿತು. ಮುಂದಿನ ಪಾಳಿಯಿಂದ ಪೋಸ್ಟರಿನ ಮುಂದೆ ನಿಂತು ನೋಡಿ ಆರಿಸತೊಡಗಿದೆ. ಹೀರೋ ನಮ್ಮ ಕಡೆಗೇ ದುರುಗುಟ್ಟಿ ನೋಡುತ್ತಿದ್ದರೆ ಅದು ಒಂದು ಮೊರದ್ದು. ಹೆಂಗಸು ಪೋಸ್ಟರಿನಲ್ಲಿ ಇಲ್ಲದ ಯಾವುದನ್ನೋ ಓರೆಗಣ್ಣಿನಿಂದ ನೋಡುತ್ತಿದ್ದರೆ ಮೂರು ಮೊರಕ್ಕೆ ಮೋಸವಿಲ್ಲ. ನನಗೆ ಆಗ ಹಿಂದಿ ಅಷ್ಟಕ್ಕಷ್ಟೇ. ಮಾತು ತಿಳಿಯದಿದ್ದರೆ ಕಣ್ಣು ಕೈಗಳ ಮೇಲೆ ಹೋಗುತ್ತದೆ. ಯಾರು ಯಾರಿಗೆ ನೀರು ಕೊಟ್ಟರು, ಯಾರು ತಟ್ಟೆ ಮುಂದೆ ತಳ್ಳಿದರು, ಇದೆಲ್ಲ ನನಗೆ ಬೇರೆಯವರಿಗಿಂತ ಹೆಚ್ಚು ಕಾಣುತ್ತಿತ್ತು. ಒಂದು ಸಲ ನಾನು ಹೇಳಿದ ಸಿನಿಮಾದಲ್ಲಿ, ಅತ್ತೆ ಬೀಗದ ಕೈಯನ್ನು ಸೊಸೆಯ ಕೈಗೆ ಕೊಡದೆ ನೆಲದ ಮೇಲೆ ಯಾಕಿಟ್ಟಳು ಎಂದು ನಮ್ಮ ಸಾಲು ಎರಡು ಪಕ್ಷವಾಗಿ, ಸಾತಾರೆಯವಳೂ ಧಾರವಾಡದವಳೂ ನಲ್ಲಿಯ ಹತ್ತಿರ ಮಾತು ಬಿಟ್ಟಿದ್ದರು. ಅಂಥದನ್ನು ಆರಿಸಿಕೊಂಡು ಬಂದೆ ಎಂದು ನನಗೆ ಕೋಡು ಮೂಡಿತ್ತು.

ಇದನ್ನೆಲ್ಲ ಸಂಜನಾಳಿಗೆ ಹೇಳಿ, ‘ನೋಡವ್ವ, ಹೇಳಿದ ಕೂಡಲೆ ಮುಗಿಯೂ ಸಿನಿಮಾ ಬರೀಲಿಕ್ಕೆ ಬರೂದಿಲ್ಲ. ಜಗಳ ಹಚ್ಚೂ ಸಿನಿಮಾ ಬೇಕು’ ಎಂದೆ. ಆಕೆಯ ಲ್ಯಾಪ್‌ಟಾಪಿನಲ್ಲಿ ಬೇಕಾದಷ್ಟು ಸಿನಿಮಾಗಳಿದ್ದವು. ಒಂದೊಂದನ್ನೇ ಹೇಳು, ನಾನು ಹಸನು ಮಾಡುತ್ತೇನೆ ಎಂದೆ. ಈಗಿನ ಜೋಳ ಅಂಗಡಿಯಿಂದಲೇ ಹಸನಾಗಿ ಬರುತ್ತದೆ, ಒಂದು ಕಲ್ಲೂ ಇರುವುದಿಲ್ಲ. ಆದರೂ ನಾನು ಹುಡುಕುತ್ತೇನೆ. ‘ಇಲ್ಲದ ಕಲ್ಲು ಹುಡುಕೂದು ನಮ್ಮ ಸರ್‌ದೂ ಸವಯಿ, ರೂಢಿ ಅದ’ ಎಂದಳು ಹುಡುಗಿ. ಬುದ್ಧಿವಂತೆ, ನನ್ನನ್ನೇ ಹೋಲುತ್ತಾಳೆ.

ಒಂದು ದೆವ್ವದ ಸಿನಿಮಾ ಹೇಳಿದಳು. ದೆವ್ವ ಯಾರೆಂದು ಗೊತ್ತಾದ ಮೇಲೆ ಅದರಲ್ಲಿ ಏನೂ ಉಳಿಯಲಿಲ್ಲ. ಇನ್ನೊಂದು ಅಳಿಸುವ ಸಿನಿಮಾ. ಅದು ಒಂದೂವರೆ ಮೊರ ಬಂತು, ನಾನೂ ಮೂಗು ಒರೆಸಿಕೊಂಡೆ. ಆದರೆ ಎಲ್ಲರೂ ಒಂದೇ ಕಡೆ ಅತ್ತರೆ ಆಮೇಲೆ ಮಾತಾಡಲು ಏನಿದೆ? ಅದನ್ನೂ ಕೇರಿ ಹಾಕಿದೆ. ಕೊನೆಗೆ ಒಂದು ಮರಾಠಿ ಸಿನಿಮಾ. ‘ಇದು ನನಗ ಲೈ ಆವಡತೆ, ಭಾಳ ಸೇರ್ತದ, ಅಜ್ಜಿ. ಒಬ್ಬಾಕಿ ಇದ್ದಾಳೆ. ಚಹಾ ಮಾಡ್ತಾಳೆ. ಬಸ್’ ಎಂದಳು. ‘ಆಮ್ಯಾಲ?’ ‘ಆಮ್ಯಾಲ ಮತ್ತ ಮರುದಿನ ಚಹಾ ಮಾಡ್ತಾಳೆ.’ ನಾನು ಮೊರ ಕೊಡವಿದೆ. ‘ಇದು ಒಂದು ಮುಷ್ಟಿ ಜೋಳಕ್ಕೂ ಸಾಲೂದಿಲ್ಲ. ತಗದ ಹಾಕು’ ಎಂದೆ. ಹುಡುಗಿ ಹಟಮಾರಿ. ಅದೂ ನನ್ನನ್ನೇ ಹೋಲುತ್ತದೆ. ನೋಡದೆ ತೆಗೆದುಹಾಕುವಂತಿಲ್ಲ ಎಂದು ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಟೀವಿಯ ಮುಂದೆ ಕೂಡಿಸಿದಳು. ಎದುರು ಮನೆಯ ಸುಮನ್‌ತಾಯಿಯೂ ಬಂದಳು. ಸೊಸೆ ಮಹಾದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

ಹುಡುಗಿ ಹೇಳಿದ್ದು ನಿಜವಾಗಿತ್ತು. ಎರಡು ಕೋಣೆಯ ಮನೆ, ಗಂಡ, ಹೆಂಡತಿ, ಮೂರನೆಯವರಿಲ್ಲ. ಬೆಳಗ್ಗೆ ಅವಳು ಚಹಾ ಮಾಡಿ ಮೂರು ಕಪ್ಪಿಗೆ ಸೋಸುತ್ತಾಳೆ. ಒಂದು ಗಂಡನಿಗೆ, ಅವನು ಪೇಪರಿನ ಹಿಂದೆ ಕೂತು ಕುಡಿಯುತ್ತಾನೆ. ಒಂದನ್ನು ತಾನು ಒಲೆಯ ಮುಂದೆ ನಿಂತು, ಪಲ್ಯಕ್ಕೆ ಹೆಚ್ಚುತ್ತ ಕುಡಿಯುತ್ತಾಳೆ. ಮೂರನೆಯದನ್ನು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಾಳೆ. ಅದರ ಮೇಲೆ ಕೆನೆ ಕಟ್ಟುತ್ತದೆ. ಸಂಜೆ ಅದನ್ನು ತುಳಸಿಯ ಪಕ್ಕದ ಕುಂಡಕ್ಕೆ ಚೆಲ್ಲಿ, ಕಪ್ಪು ತೊಳೆದಿಡುತ್ತಾಳೆ. ಮರುದಿನವೂ ಅದೇ. ಯಾರೂ ಏನೂ ಕೇಳುವುದಿಲ್ಲ. ಕೊನೆಯಲ್ಲಿ ಒಂದು ದಿನ ಗಂಡ ನೀರಿಗೆಂದು ಒಳಗೆ ಬಂದವನು ಆ ಕಪ್ಪನ್ನು ಕಾಣುತ್ತಾನೆ, ಎತ್ತುತ್ತಾನೆ, ನೋಡುತ್ತಾನೆ, ಮತ್ತೆ ಇದ್ದಲ್ಲೇ ಇಡುತ್ತಾನೆ. ಮುಗಿಯಿತು. ಹೆಸರುಗಳು ಬರತೊಡಗಿದವು.

ನನಗೆ ಮೈಯೆಲ್ಲ ಉರಿಯಿತು. ‘ಎಂಥ ಹೆಂಗಸು ಈಕಿ! ಎರಡು ಮಂದಿಗಿ ಮೂರು ಕಪ್ಪು! ಹಾಲಿನ ಅಳತಿ ಗೊತ್ತಿಲ್ಲ, ಸಂಸಾರ ಮಾಡ್ತಾಳಂತ!’ ಎಂದೆ. ಬಸವರಾಜ ಆಕಳಿಸಿ, ‘ಡೈರೆಕ್ಟರಿಗೇ ಲೆಕ್ಕ ತಪ್ಪ್ಯದ ಬಿಡವ್ವ’ ಎಂದ. ಸುಮನ್‌ತಾಯಿ ತನ್ನ ಮರಾಠಿಯಲ್ಲಿ, ಅದು ತೀರಿಕೊಂಡ ಅತ್ತೆಗೆ ಇಟ್ಟ ಕಪ್ಪು ಎಂದಳು. ‘ಸತ್ತ ಅತ್ತೆಗೆ ದಿನಾ ಚಹಾ ಇಡುವ ಸೊಸೆಯನ್ನು ನೀನು ಎಲ್ಲಿ ಕಂಡೆ? ನಿನ್ನವಳು ಬದುಕಿದ ಅತ್ತೆಗೇ ಕೊಡುತ್ತಿಲ್ಲ’ ಎಂದೆ. ಸುಮನ್‌ತಾಯಿ ಸಿಟ್ಟಾಗಿ ಎದ್ದು ಹೋದಳು. ಸಂಜೆ ತಾನೇ ಮತ್ತೆ ಬಂದು, ಹಾಗಾದರೆ ದೂರದಲ್ಲಿರುವ ಮಗನದಿರಬೇಕು ಎಂದಳು. ಮಗನಿದ್ದರೆ ಗೋಡೆಯ ಮೇಲೆ ಫೋಟೋ ಇರುತ್ತಿರಲಿಲ್ಲವೇ ಎಂದು ನಾನು. ಫೋಟೋ ಇಲ್ಲದೆಯೂ ಮಕ್ಕಳಿರುತ್ತಾರೆ ಎಂದು ಅವಳು.

ಮರುದಿನ ಸೋಮವಾರ, ನಾವಿಬ್ಬರೂ ತ್ರ್ಯಂಬಕೇಶ್ವರಕ್ಕೆ ಹೊರಟೆವು. ಎಲ್ಲರನ್ನೂ ಒತ್ತಿ ತುಂಬುವ ಜೀಪು. ದೇವರ ಧ್ಯಾನ ಮಾಡಬೇಕಾದವಳು ನಾನು ಕಪ್ಪಿನ ಧ್ಯಾನ ಮಾಡುತ್ತಿದ್ದೆ. ‘ಗಂಡನಿಗೆ ಗೊತ್ತಿತ್ತೋ ಇಲ್ಲವೋ?’ ಎಂದು ಸುಮನ್‌ತಾಯಿಯನ್ನು ಕೇಳಿದೆ. ನನ್ನ ಮೊಣಕೈಗೆ ಅಂಟಿಕೊಂಡು ಕೂತಿದ್ದ ಹೆಂಗಸು, ‘ಏನು ಗೊತ್ತಿತ್ತೋ, ಆಜಿ?’ ಎಂದಳು. ಹೇಳಿದೆ. ಡ್ರೈವರು ಕನ್ನಡಿಯಲ್ಲಿ ನೋಡಿ ನಕ್ಕ, ‘ಮೂರನೇ ಕಪ್ಪು ಅಂದಮೇಲೆ ಮೂರನೆಯವನೊಬ್ಬ ಇದ್ದೇ ಇರುತ್ತಾನೆ’ ಎಂದ. ‘ನೀನು ಮುಂದೆ ನೋಡಿ ಓಡಿಸು, ಮೂರನೆಯವನೇ’ ಎಂದಳು ಆ ಹೆಂಗಸು. ಹಿಂದೆ ಕೂತ ಮುದುಕರೊಬ್ಬರು, ಗಂಡ ಕಪ್ಪನ್ನು ತಿರುಗಿ ಇಟ್ಟನಲ್ಲ, ಅದೇ ದೊಡ್ಡ ತಪ್ಪು, ಕೇಳಬೇಕಿತ್ತು ಎಂದರು. ಕೇಳಿದ್ದರೆ ಜಗಳವಾಗುತ್ತಿತ್ತು ಎಂದರು ಅವರ ಹೆಂಡತಿ. ಆಗಲಿ, ಜಗಳವಾದರೂ ಆಗುತ್ತಿತ್ತಲ್ಲ ಎಂದರು ಅವರು. ಜೀಪಿನಲ್ಲಿ ಆ ಸಿನಿಮಾ ನೋಡಿದವರು ನಾವಿಬ್ಬರೇ; ತ್ರ್ಯಂಬಕದಲ್ಲಿ ಇಳಿಯುವಾಗ ಎಲ್ಲರೂ ಬಾಯಿ ಮಾಡುತ್ತಿದ್ದರು. ಗರ್ಭಗುಡಿಯ ಮುಂದೆ ಕೈ ಮುಗಿದು ನಿಂತಾಗಲೂ ಶಿವನೇ ಎನ್ನುವ ಬದಲು, ಕಿಟಕಿಯ ಕಟ್ಟೆಯ ಮೇಲೆಯೇ ಯಾಕಿಟ್ಟಳು ಎಂದು ಬಂತು.

ಮನೆಗೆ ಬಂದು ಮೊರ ಹಿಡಿದು ಕೂತೆ. ಮಂಗಳವಾರವೂ ಕೂತೆ. ಬುಧವಾರವೂ. ಸುಮನ್‌ತಾಯಿ ಬರುವುದು, ಹೊಸ ಮಾತೊಂದು ಹೇಳುವುದು, ನಾನು ಮುರಿಯುವುದು. ಸಂಜನಾ ಮೂಲೆಯಲ್ಲಿ ಕೂತು ಕೇಳುತ್ತಿದ್ದಳು. ಕೊನೆಗೆ ಆಕೆ ಎದ್ದು ಬಂದು ಪಕ್ಕದ ಡಬ್ಬಿಯನ್ನು ಬಗ್ಗಿಸಿ ತೋರಿಸಿದಳು. ‘ಅಜ್ಜಿ, ಬಘ್. ಡಬ್ಬಾ ಖಾಲಿ. ಈಗ ಹೇಳು, ಎಷ್ಟು ಮೊರದ ಸಿನಿಮಾ?’ ಮನೆಯಲ್ಲಿದ್ದ ಜೋಳವೆಲ್ಲ ಹಸನಾಗಿ ಗೋಣಿಯ ಮೇಲೆ ರಾಶಿಯಾಗಿತ್ತು. ನಾನು ಸೋಲುವವಳಲ್ಲ. ‘ಮತ್ತ? ಪರೀಕ್ಷಾ ಯಾರದು? ನಂದು. ಅದಕ್ಕೇ ಪಾಸಾಗ್ಯದ. ಇದನ್ನೇ ಬರಿ’ ಎಂದೆ. ಅಂದಮೇಲೆ ಆರಿಸಿದವಳು ನಾನೇ ಆಯಿತಲ್ಲ?

‘ಬರೀತೀನಿ. ಪಣ್ ಆ ಕಪ್ಪು ಯಾರದು, ಅಜ್ಜಿ?’ ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ಇರಲಿಲ್ಲ. ಆಗ ಒಲೆಯ ಕಡೆಯಿಂದ ಮಹಾದೇವಿಯ ಧ್ವನಿ ಬಂತು.

‘ಅದು ಆಕೀದೇ ಅದರಿ, ಅತ್ತಿ.’

‘ಆಕೀದು ಆಕಿ ಕುಡದಳಲ್ಲ, ಒಲೀ ಮುಂದ?’

‘ಅದು ಕೆಲಸದ ಚಹಾ ರಿ. ನಿಂತು ಗಂಟಲಿಗಿ ಸುರಕೊಂಡದ್ದು. ಕಟ್ಟಿ ಮ್ಯಾಲಿಂದು ಕೂತು ಕುಡಿಯೂದು. ಇವತ್ತು ಕಿಟಕ್ಯಾಗ ಕೂತು ಕುಡೀಬೇಕು ಅಂತ ದಿನಾ ಇಟ್ಕೋತಾಳ. ಕೂಡೂದು ಆಗೂದಿಲ್ಲ. ಕೆನಿ ಕಟ್ಟತದ.’

ಕನ್ನಡ ಬಾರದ ಸುಮನ್‌ತಾಯಿ, ಏನಂದಳು ಏನಂದಳು ಎಂದು ಸಂಜನಾಳನ್ನು ತಿವಿದಳು. ನಾನು ಸೊಸೆಯ ಕಡೆ ನೋಡಿದೆ. ಒಲೆಗೂ ಸಿಂಕಿಗೂ ನಡುವೆ ನಿಂತಿದ್ದಳು, ಕೈಯಲ್ಲಿ ಚಹಾದ ಲೋಟ. ಈ ಮನೆಗೆ ಬಂದಾಗಿನಿಂದ ಆಕೆ ಕೂತು ಚಹಾ ಕುಡಿದದ್ದು ಯಾವತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನನ್ನ ನೆನಪಿನ ಶಕ್ತಿ ಚೆನ್ನಾಗಿದೆ. ನೆನಪಾಗಲಿಲ್ಲ. ಹಾಗೆಂದು ನಾನು ಕರಗಿ ನೀರಾಗಲಿಲ್ಲ, ಅದು ನನ್ನ ಜಾಯಮಾನವಲ್ಲ. ‘ಹಂಗಿದ್ರ ಕೂತು ಕುಡಿ. ನಿನ್ನ ಕಾಲು ಯಾರು ಹಿಡಕೊಂಡಾರ?’ ಎಂದೆ. ‘ಕೂತ್ರ ನಿಮ್ಮ ಎರಡನೇ ಕಪ್ಪು ಯಾರು ಕೊಡಬೇಕರಿ?’ ಎಂದಳು. ಮಾತು ಕಡಿಮೆಯವರ ಹತ್ತಿರ ಇದೇ ತೊಂದರೆ. ಕೂಡಿಟ್ಟು ಆಡುತ್ತಾರೆ. ಮೂಲೆಯಲ್ಲಿ ಲ್ಯಾಪ್‌ಟಾಪು ಟಕಟಕ ಎನ್ನತೊಡಗಿತು.

ಸಂಭಾಜಿನಗರಕ್ಕೆ ತಿರುಗಿ ಹೋದ ಮೇಲೆ ಹುಡುಗಿಯ ಫೋನಿಗಾಗಿ ನಾನು ಕಾದಷ್ಟು ಯಜಮಾನರ ಕಾಗದಕ್ಕೂ ಕಾದವಳಲ್ಲ. ಕೊನೆಗೆ ಬಂತು. ಸರ್ ವಾಪಸ್ ಕೊಡಲಿಲ್ಲ. ಕ್ಲಾಸಿನಲ್ಲಿ ಎದ್ದು ನಿಂತು ಓದು ಎಂದರಂತೆ. ಬಸವರಾಜ ಫೋನಿಟ್ಟು, ‘ಆಯ್ತವ್ವ, ಓದಲಿ’ ಎಂದ. ‘ನನ್ನ ಕೇಳು ಅಂದಿದ್ನಲ್ಲ, ಕೇಳು ಈಗ!’ ಎಂದೆ. ಅವನು ಏನೂ ಕೇಳಲಿಲ್ಲ. ಗೋಡೆಯ ಮೊಳೆ ಅವತ್ತು ಕಿತ್ತುಬಂತು. ನಾನು ಅಂಗಳದ ಎಲ್ಲರಿಗೂ ಹೇಳಿದೆ, ಹಾಲಿನವನಿಗೆ ಎರಡು ಸಲ ಹೇಳಿದೆ, ದೇವಳಾಲಿಯಲ್ಲೇ ಉಳಿದ ಶಾಂತಾಬಾಯಿಗೆ ಫೋನು ಹಚ್ಚಿಸಿ, ನೀನು ಬಳಿದದ್ದು ವ್ಯರ್ಥವಾಗಲಿಲ್ಲ ನೋಡು ಎಂದೆ. ಆಕೆಗೆ ಕಿವಿ ಕೇಳುವುದಿಲ್ಲ. ಆದರೂ ಸಂತೋಷಪಟ್ಟಳು.

ಮುಂದಿನ ಸಲ ಬಂದಾಗ ಸಂಜನಾ ಪ್ರಬಂಧವನ್ನು ಮರಾಠಿಯಲ್ಲಿ ಓದಿ ಹೇಳಿದಳು. ಮರಾಠಿ ನನಗೆ ಪೂರ್ತಿ ತಿಳಿಯುತ್ತದೆ. ತಿಳಿಯದಿದ್ದರೆ ಚೆನ್ನಾಗಿತ್ತು. ಅದರಲ್ಲಿ ಇಬ್ಬರು ಪ್ರೇಕ್ಷಕಿಯರು ಬರುತ್ತಾರೆ. ಒಬ್ಬಳು ಬಾಗಿಲಲ್ಲಿ ನಿಂತು ನೋಡಿ ಕಪ್ಪು ಯಾರದೆಂದು ಗುರುತಿಸಿದವಳು. ಇನ್ನೊಬ್ಬಳು ‘ಒಬ್ಬ ಹಿರಿಯ ಪ್ರೇಕ್ಷಕಿ’. ಈಕೆ ಸಿನಿಮಾ ಶುರುವಾದಾಗಿನಿಂದ ಮುಗಿಯುವವರೆಗೆ ಹಾಲು ದಂಡವಾಯಿತೆಂದು ಸಂಕಟಪಟ್ಟಳಂತೆ. ಆ ಮನೆಯಲ್ಲಿ ಮೂರನೆಯವರು ಯಾರೂ ಇಲ್ಲವೆಂದು ನಾವು ಅಂದುಕೊಳ್ಳುತ್ತೇವೆ, ಆದರೆ ಇಂಥ ಪ್ರೇಕ್ಷಕಿಯೇ ಆ ಮನೆಯ ಕಾಣದ ಮೂರನೆಯವಳು, ಆಕೆ ಲೆಕ್ಕ ನೋಡುತ್ತಿರುವುದರಿಂದಲೇ ಹೆಂಡತಿಗೆ ಕೂರಲು ಆಗುವುದಿಲ್ಲವಂತೆ. ‘ಯಾರವ್ವ ಆ ಮುದುಕಿ?’ ಎಂದೆ. ‘ಕೋಣೀತರಿ ಆಹೆ, ಅಜ್ಜಿ, ಯಾರೋ ಒಬ್ಬಾಕಿ’ ಎಂದು ಹುಡುಗಿ ಪುಟ ತಿರುಗಿಸಿದಳು. ನಾನು ಬೇಸರ ಮಾಡಿಕೊಳ್ಳಲಿಲ್ಲ. ಸರ್ ಅಡಿಗೆರೆ ಎಳೆದದ್ದು ಆ ಸಾಲಿಗೇ ಅಂತೆ. ನಮ್ಮ ಸಾಲುಮನೆಯ ಯಾರ ಮೇಲಾದರೂ ಒಬ್ಬ ಪ್ರೊಫೆಸರು ಅಡಿಗೆರೆ ಎಳೆದಿದ್ದಾರೆಯೇ?

ಈಗ ಮಧ್ಯಾಹ್ನದ ಚಹಾವನ್ನು ಮಹಾದೇವಿ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಕೂತು, ಬಹಳ ನಿಧಾನವಾಗಿ ಕುಡಿಯುತ್ತಾಳೆ. ಮಾಡುವವರು ಯಾರು ಎಂದು ಕೇಳಬೇಡಿ. ಒಲೆಯ ಮುಂದೆ ನಿಂತು ಕುಡಿದರೆ ಚಹಾ ಅಷ್ಟೇನೂ ಕೆಟ್ಟದಾಗಿರುವುದಿಲ್ಲ, ಮೊಣಕಾಲು ನೋಯುತ್ತದೆ, ಅಷ್ಟೇ. ಮೊನ್ನೆ ಸಂಜನಾ ಫೋನು ಮಾಡಿ, ‘ಅಜ್ಜಿ, ಸರ್ ಇನ್ನೊಂದು ಪ್ರಬಂಧ ಕೊಟ್ಟಾರ. ಕುಠಲಾ ಸಿನಿಮಾ ಆರಿಸಲಿ?’ ಎಂದಳು. ಇಡೀ ಮನೆಗೆ ಕೇಳುವ ಹಾಗೆ ಹೇಳಿದೆ: ‘ಯಾವುದರ ಆರಿಸವ್ವ, ನನ್ನ ಹಂತ್ಯಾಕ ತಗೊಂಡು ಬಾ, ಮೊರಕ್ಕ ಹಾಕಿ ನೋಡ್ತೀನಿ. ಆದ್ರ ಈ ಸಲ ರೊಟ್ಟಿ ತಟ್ಟೂ ಸಿನಿಮಾ ಮಾತ್ರ ತರಬ್ಯಾಡ.’